ಮಂಡಿಯೆತ್ತರದ ಕೋಣೆ

ಎಂಟು ತಿಂಗಳ ಹೊಟ್ಟೆ ಹೊತ್ತು
ಪೈನ್ ಹಲಗೆಯ ನೆಲದ ಮೇಲೆ ಅಂಗಾತ ಮಲಗಿದ್ದೇನೆ.
ಮಾಂಟೆಸ್ಸರಿ ತರಗತಿಯಲ್ಲಿ ಹೇಳಿದ್ದರು:
ಮಗು ಬರುವ ಮುಂಚೆ ಒಮ್ಮೆ ಅದರ ಎತ್ತರಕ್ಕೆ ಇಳಿದು
ಕೋಣೆಯನ್ನು ನೋಡಿ ಎಂದು.
ಇಳಿದದ್ದೇನೋ ಆಯಿತು.
ಏಳುವ ಬಗೆಯನ್ನು ಯಾರೂ ಹೇಳಿಕೊಟ್ಟಿಲ್ಲ.

ಇಲ್ಲಿಂದ ವಾಲ್ಪರೈಸೊ ಇಷ್ಟೇ:
ಕಿಟಕಿ ತುಂಬ ಆಕಾಶ, ಮೂಲೆಯಲ್ಲಿ
ಬಂದರಿನ ಕ್ರೇನಿನ ಒಂದು ಕೊಕ್ಕು.
ಮೇಜಿನ ಅಡಿಯಲ್ಲಿ ಬಡಗಿಯ ಪೆನ್ಸಿಲ್ ಲೆಕ್ಕ,
ಹದಿನೇಳರಲ್ಲಿ ಒಂಬತ್ತು ಕಳೆದು
ಏಳು ಉಳಿಸಿದ್ದಾನೆ ಮಹಾರಾಯ.
ಆರು ವರ್ಷ ಉಂಡಿದ್ದೇವೆ ಅದರ ಮೇಲೆ,
ಒಂದು ಕಾಲು ಯಾಕೆ ಗಿಡ್ಡ ಎಂದು ತಿಳಿಯದೆ.

ಕನ್ನಡಿಯನ್ನು ನಿಬಾಲ್ದೊ ಅಡ್ಡಕ್ಕೆ ಮಲಗಿಸಿ
ನೆಲಕ್ಕೆ ತಾಗುವಂತೆ ಬಿಗಿದಿದ್ದಾನೆ.
ಮೊದಲ ದಿನ ಎದುರು ನಿಂತರೆ
ಕಂಡದ್ದು ಬಾತುಕೊಂಡ ಎರಡು ಪಾದ.
ಎಷ್ಟು ವಾರವಾಗಿತ್ತು ನೋಡಿ!
ಚೆನ್ನಾಗಿದ್ದೀರಾ, ಎಂದು ವಿಚಾರಿಸಿದೆ.

ಕಪಾಟು ನನ್ನ ಮಂಡಿಯವರೆಗೆ.
ಮೂರೇ ವಸ್ತು ಇಡಬೇಕಂತೆ, ರಾಶಿ ಹಾಕಬಾರದಂತೆ.
ಒಂದು ಮರದ ಗಿಲಕಿ,
ಒಂದು ಉಣ್ಣೆಯ ಚೆಂಡು,
ಮೂರನೆಯದು ಏನೆಂದು ಬಲ್ಲವರು
ಇನ್ನೂ ಒಳಗಿದ್ದಾರೆ.

ತೊಟ್ಟಿಲಿಲ್ಲ. ನೆಲದ ಮೇಲೊಂದು ಹಾಸಿಗೆ.
"ನೆಲದ ಮೇಲಾ? ನಾಯಿಮರಿಯ ಹಾಗಾ?"
ಎಂದಿದ್ದರು ಅತ್ತೆ ಎರ್ಮಿಂದಾ.
"ಈ ಊರಿನಲ್ಲಿ ಏನನ್ನಾದರೂ ನಂಬು, ನೆಲವನ್ನು ನಂಬಬೇಡ."
ಆ ದೊಡ್ಡ ಕಂಪದ ರಾತ್ರಿ
ಗಾಲಿಯುಳ್ಳ ಕಬ್ಬಿಣದ ತೊಟ್ಟಿಲು ಕೋಣೆ ದಾಟಿ ಹೋಗಿ
ಬಾಗಿಲಿಗೆ ಅಡ್ಡ ನಿಂತುಬಿಟ್ಟಿತ್ತು,
ಒಳಗೆ ನಿಬಾಲ್ದೊ, ಗೊರಕೆ ಸಮೇತ.
ಮಾವ ಕಿಟಕಿ ಒಡೆದು ಬರಬೇಕಾಯಿತು.
ಈ ಕಥೆ ತೊಟ್ಟಿಲಿನ ಪರವೋ ವಿರುದ್ಧವೋ
ಕೇಳುವ ಧೈರ್ಯ ನನಗಿಲ್ಲ.

ಈಗ, ಮಲಗಿದಲ್ಲೇ,
ಬೆನ್ನಿಗೆ ಮೊದಲು ಗೊತ್ತಾಗುತ್ತದೆ.
ದೂರದಲ್ಲಿ ಯಾರೋ ಪೆಟ್ಟಿಗೆ ಎಳೆದ ಹಾಗೆ.
ಅಡುಗೆಮನೆಯಲ್ಲಿ ಲೋಟಗಳ ಪಿಸುಮಾತು.
ಮೀನಿನ ದಾರದಲ್ಲಿ ತೂಗುಬಿಟ್ಟ
ಕಪ್ಪು ಬಿಳುಪು ಕಾಗದದ ಬಿಲ್ಲೆಗಳು
ಗಾಳಿಯಿಲ್ಲದೆ ತಿರುಗುತ್ತವೆ.
ಕೆಳಗಿನಿಂದ ಒಂದು ನಡುಕ,
ಮೇಲಿನಿಂದ, ಪಕ್ಕೆಲುಬಿಗೆ, ಒಂದು ಒದೆ.
ನಡುವೆ ನಾನು,
ಎರಡು ಕಡೆಯವರೂ ತಟ್ಟುವ ತೆಳ್ಳನೆ ಬಾಗಿಲು.
ಹತ್ತು ಎಣಿಸುವಷ್ಟರಲ್ಲಿ ನೆಲ ಸುಮ್ಮನಾಯಿತು.
ಇನ್ನೊಬ್ಬರು ಆಗಲಿಲ್ಲ.

ಅತ್ತೆ ಬಂದರು, ಕೈಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಚಾಕು.
ನನ್ನನ್ನು ನೋಡಿದರು. ಎತ್ತಲಿಲ್ಲ.
ಚಾಕುವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು
ಒಂದು ಮಂಡಿ ಊರಿ, ಲಟಕ್ಕೆಂದಿತು,
ಇನ್ನೊಂದನ್ನೂ ಊರಿ,
ಪಕ್ಕದಲ್ಲಿ ಅಂಗಾತ ಮಲಗಿದರು.
ತುಂಬ ಹೊತ್ತು ಮಾಡು ನೋಡಿದರು.

"ಆ ದೀಪ ತೆಗೆಸು.
ಹಾಸಿಗೆ ಕಿಟಕಿಯಿಂದ ಎರಡು ಗೇಣು ಈಚೆಗೆ ಬರಲಿ.
ಬೀರು ಬಿದ್ದರೆ ಇಲ್ಲಿಗೆ ಬೀಳುತ್ತದೆ, ನೋಡು, ಇಲ್ಲಿಗೆ,"
ಎಂದು ಅಂಗೈಯಿಂದ ನೆಲ ತಟ್ಟಿ ತೋರಿಸಿದರು.
ಮತ್ತೆ ಸ್ವಲ್ಪ ತಡೆದು,
"ಕ್ರೇನು ಇಲ್ಲಿಂದ ಚೆನ್ನಾಗಿ ಕಾಣುತ್ತದೆ."

ನಿಬಾಲ್ದೊ ಬರುವುದು ಆರಕ್ಕೆ. ಈಗಿನ್ನೂ ನಾಲ್ಕೂವರೆ.
ಒಲೆಯ ಮೇಲೆ ಏನೋ ಸೀಯುವ ವಾಸನೆ.
ಕನ್ನಡಿಯ ಬದಿಗೆ, ಮಗು ಹಿಡಿದು ನಿಲ್ಲಲೆಂದು
ಗೋಡೆಗೆ ಕೂರಿಸಿದ ಮರದ ಸರಳು.
ಇನ್ನೂ ವರ್ಷದ ಮೇಲೆ ಬೇಕಾಗುವುದು ಅಂದುಕೊಂಡಿದ್ದೆವು.
ಅದನ್ನು ಮೊದಲು ಹಿಡಿದು, ಉಸ್ಸೆಂದು,
ತನ್ನ ಕಾಲ ಮೇಲೆ ತಾನು ಎದ್ದು ನಿಂತದ್ದು
ಎಪ್ಪತ್ತೊಂದರ ಎರ್ಮಿಂದಾ.

ಸರಳು ತಡೆಯಿತು.
"ಹೂಂ, ಬಾ," ಎಂದರು.