ಎತ್ತೀನ್ರಿ

ಬೆಳಗ್ಗೆ ಏಳಕ್ಕೆ ಲಾ ಕಾಲೇಜು ರಸ್ತೆಯಲ್ಲಿ ಸಾಕ್ಷ್ಯದ ಕಾಯ್ದೆ,
ಮಧ್ಯಾಹ್ನ ಎರಡಕ್ಕೆ ನದಿಯಾಚೆ ಯೆರವಡಾದಲ್ಲಿ ಭಾಷಾವಿಜ್ಞಾನ.
ನಡುವೆ ಒಂದು ಬಸ್ಸು,
ಕಿಟಕಿಗೊರಗಿ ತಿಂದ ಶೇಂಗಾ ಚಟ್ನಿ ಚಪಾತಿ,
ಮುಳಾ-ಮುಠಾ ದಾಟುವಾಗ ಮೂಗಿಗೆ ಹಿಡಿದ ದುಪಟ್ಟಾ.

ಎರಡೂ ಕಡೆ ಗುಮಾಸ್ತರು ಕೇಳಿದ್ದಾರೆ:
ಯಾವುದನ್ನು ಬಿಡ್ತೀ?
ಎರಡೂ ಕಡೆ ನಾನು
ಮರಾಠಿ ಬಾರದವಳಂತೆ ನಕ್ಕಿದ್ದೇನೆ.

ನೋಟ್ಸು ಕಲಸಿಹೋಗಿವೆ.
ಅಲ್ಲಿ ವಾಕ್ಯದ ತಲೆಗೊಂದು ನಕ್ಷತ್ರವಿಟ್ಟರೆ
ಹೀಗೆ ಯಾರೂ ಆಡುವುದಿಲ್ಲ ಎಂದರ್ಥ.
ಇಲ್ಲಿ ಕಾಯ್ದೆಯ ಪುಟದಲ್ಲಿ ಮೂರು ನಕ್ಷತ್ರ ಸಾಲಾಗಿ ನಿಂತರೆ
ಏನೋ ಇತ್ತು, ತೆಗೆದಿದ್ದಾರೆ.
ರಾತ್ರಿ ಹಾಸ್ಟೆಲಿನ ತಾರಸಿಯಲ್ಲಿ
ನಿಜವಾದವನ್ನು ಕಂಡರೂ ಅನುಮಾನ,
ಯಾವ ಪುಸ್ತಕದವು ಇವು?

ಆಗಸ್ಟಿನ ಒಂದು ಮಂಗಳವಾರ
ಶಿವಾಜಿನಗರ ಕೋರ್ಟಿಗೆ ಕರೆದೊಯ್ದರು, ನೋಡಿ ಕಲಿಯಲೆಂದು.
ಹಿಂದಿನ ಬೆಂಚಿನಲ್ಲಿ ನಾವು ಆರು ಜನ, ಇಸ್ತ್ರಿ ಮಾಡಿದ ಬಿಳಿ.
ಕಟಕಟೆಯಲ್ಲಿ ಹುಲಿಗೆವ್ವ,
ವಾಘೋಲಿಯ ಹನ್ನೆರಡನೇ ಮಹಡಿಗೆ ಇಟ್ಟಿಗೆ ಹೊರುವವಳು,
ಉಗುರಿನಲ್ಲಿ ಇನ್ನೂ ಸಿಮೆಂಟು.

ರೊಕ್ಕ ಎತ್ತಿದಿಯೇನು?
"ಎತ್ತೀನ್ರಿ. ಎಂಟು ಸಾವಿರ. ಮೇಸ್ತ್ರಿ ಕಡಿಂದ.
ಎಲ್ಲಾರೂ ಎತ್ತತಾರ್ರಿ."

ದುಭಾಷಿ, ಪಾಪ, ಸೊಲ್ಲಾಪುರದವನು, ಅವತ್ತಿನ ನಾಲ್ಕನೇ ಕೇಸು,
'ಉಚಲ್ ಘೇತಲೀ' ಎಂದಿದ್ದರೆ ಮುಂಗಡವಾಗುತ್ತಿತ್ತು,
'ಉಚಲಲೇ' ಎಂದ.
ಟೈಪು ಮಾಡುವವಳು ಅದನ್ನು ಇಂಗ್ಲಿಷಿಗೆ ಇಳಿಸಿದಳು.
ಮೂರನೇ ಭಾಷೆ ಮುಟ್ಟುವಷ್ಟರಲ್ಲಿ
ಮುಂಗಡ ಕಳವಾಗಿತ್ತು.

ಎದ್ದೆ. ಅರ್ಧ.
ಬೆಳಗಿನ ಪಾಠ ಹೇಳಿತು: ಇಲ್ಲಿ ಮಾತಾಡುವ ಹಕ್ಕು ನಿನಗಿಲ್ಲ, ಕೂತ್ಕೋ.
ಮಧ್ಯಾಹ್ನದ ಪಾಠ ಹೇಳಿತು: ಉದಾಹರಣೆ ಒಳ್ಳೆಯದು, ಬರೆದುಕೋ.
ಎರಡನ್ನೂ ಓದುವವಳು, ಎರಡನ್ನೂ ಮಾಡಿದೆ.
ಕೂತೆ, ಬರೆದುಕೊಂಡೆ.
ಹುಲಿಗೆವ್ವ ಒಮ್ಮೆ ಹಿಂದೆ ತಿರುಗಿದಳು,
ತನ್ನ ಮಾತು ಯಾವ ಬಾಗಿಲಿನಿಂದ ಹೊರಹೋಯಿತೆಂದು
ಹುಡುಕುವವಳ ಹಾಗೆ.

ಊಟದ ಬಿಡುವಿನಲ್ಲಿ, ಬೇವಿನ ಮರದ ಕೆಳಗೆ,
ಅವಳ ವಕೀಲ ಪಾಟಸ್ಕರ್ ವಡಾಪಾವ್ ತಿನ್ನುತ್ತಿದ್ದರು.
ಚೀಟಿ ಚಾಚಿದೆ. ಎರಡೇ ಸಾಲು:

ಹುಲಿಗೆವ್ವ ರೊಕ್ಕ ಎತ್ತಿದಳು.
*ಹುಲಿಗೆವ್ವ ರೊಕ್ಕ ಕದ್ದಳು.

"ಇದೇನು, ಇಲ್ಲಿ ಚುಕ್ಕಿ?"
ಬೆರಳಿಗಂಟಿದ ಚಟ್ನಿ ಒರೆಸುತ್ತ ಕೇಳಿದರು,
ಚೀಟಿ ಬೆಳಕಿಗೆ ಹಿಡಿದು, ಶಾಯಿ ಚೆಲ್ಲಿದೆಯೇನೋ ಎಂಬಂತೆ.

ಒಂದೂ ಕಾಲು. ಯೆರವಡಾದ ಬಸ್ಸು
ಗೇಟಿನೆದುರು ನಿಂತು ಹಾರ್ನ್ ಹೊಡೆಯುತ್ತಿತ್ತು.
ಹೋಗಲಿ ಬಿಟ್ಟು,
ಮೊದಲಿನಿಂದ ಹೇಳತೊಡಗಿದೆ.