ಡೊಂಕು ಕೋಣೆ

ಬಾಯಾರಿನ ಆಚೆ, ಪದವಿನಲ್ಲಿ, ಒಂದು ಹಳೆಯ ಕಲ್ಲುಕೋರೆ.
ಕಲ್ಲು ಮುಗಿದ ಮೇಲೆ ಆಡು ಕೂಡಾ ಇಳಿಯದ ಹೊಂಡ.
ದೇವಕ್ಕ ಅದರ ಅಂಚಿಗೆ ಬಂದು ನಿಂತದ್ದು
ಗೇರುಹಣ್ಣು ಕೊಳೆತು ನಾರುವ ತಿಂಗಳಲ್ಲಿ.
ಕೆಳಗಿಳಿದರು, ಚಪ್ಪಲಿ ಬಿಚ್ಚಿದರು,
"ಐತಪ್ಪಾ, ಮನೆ ಇಲ್ಲಿ" ಎಂದರು,
ದೋಸೆ ಇಲ್ಲಿಗೆ ಬಡಿಸು ಅಂದ ಹಾಗೆ.

ನಕ್ಷೆ ಇರಲಿಲ್ಲ. ಕಡ್ಡಿಯಲ್ಲಿ ನೆಲಕ್ಕೆ ಗೀಚಿದ್ದು.
ರಾತ್ರಿ ಹಂದಿ ಬಂದು
ಒಂದು ಮೂಲೆ ಕೆದಕಿ ಹೋಗಿತ್ತು.
"ಇರಲಿ, ಗೋಡೆ ಅಲ್ಲೇ ತಿರುಗಲಿ."
ಇವತ್ತಿಗೂ ಮೂರನೇ ಕೋಣೆ ಡೊಂಕು.
ಬಂದವರೆಲ್ಲ ಅದರದ್ದೇ ಫೋಟೋ ಹಿಡಿಯುತ್ತಾರೆ.
ಹಂದಿಯ ಹೆಸರು ಎಲ್ಲಿಯೂ ಇಲ್ಲ.

ತೂಗುಗುಂಡು ಎತ್ತಿದರೆ ಬೈಗುಳ.
ಸಾರಣೆ ಬೇಡ, ಸುಣ್ಣ ಬೇಡ,
ಪಿಕ್ಕಾಸಿನ ಏಟು ಕಾಣಬೇಕಂತೆ ಕಲ್ಲಿನ ಮೈಯಲ್ಲಿ.
ನನಗೆ ನಾಚಿಕೆ. ನಲವತ್ತು ವರ್ಷ
ಆ ಏಟು ಮುಚ್ಚಲಿಕ್ಕೇ ಸಂಬಳ ತೆಗೆದುಕೊಂಡವ ನಾನು.
ಮುರಕಲ್ಲು ನೆಲದೊಳಗಿರುವಾಗ ಬೆಲ್ಲದ ಹಾಗೆ,
ಕತ್ತಿಯೂ ಇಳಿಯುತ್ತದೆ;
ಗಾಳಿ ತಾಗಿ ಒಂದು ಬೇಸಗೆ ಕಳೆದರೆ ಮತ್ತೆ
ಯಾರ ಮಾತೂ ಕೇಳುವುದಿಲ್ಲ.
ಹಾಗಾಗಿ ತಪ್ಪಿದ ಏಟುಗಳೂ ಅಲ್ಲೇ ಉಳಿದಿವೆ.
ಅಡುಗೆಮನೆ ಬಾಗಿಲ ಪಕ್ಕ, ಮೊಣಕಾಲೆತ್ತರದಲ್ಲಿ,
ಮಗಳು ಆಸ್ಪತ್ರೆಯಲ್ಲಿದ್ದ ದಿನದ್ದು ಒಂದು.

ಕಿಟಕಿಗಳೆಲ್ಲ ಕೆಳಗೆ.
ಕೂತವರಿಗೆ ಮಾತ್ರ ಹೊರಗಿನದು ಕಾಣುತ್ತದೆ.
ಬರುತ್ತಾರೆ. ಪುಣೆಯ ಒಬ್ಬ ಹುಡುಗ
ಹತ್ತು ದಿನ ಖಾಲಿ ಕ್ಯಾನ್ವಾಸಿನ ಎದುರು ಕೂತು
ಹನ್ನೊಂದನೇ ದಿನ ಅಳುತ್ತಾ ನನ್ನ ಕೈ ಕುಲುಕಿದ.
ಮಡಕೆ ಮಾಡುವ ಇಬ್ಬರು ಹೆಂಗಸರು
ಒಡೆದದ್ದನ್ನೇ ಜಾಗ್ರತೆಯಾಗಿ ಬೈಹುಲ್ಲಿನಲ್ಲಿ ಕಟ್ಟಿ ಒಯ್ದರು.
ಕವಿಯೊಬ್ಬರು ಬಂದಿದ್ದರು. ಚೆನ್ನಾಗಿ ಉಂಡರು.

ಬೀಗದ ಕೈ ನನ್ನ ಸೊಂಟದಲ್ಲಿ, ಆರು ವರ್ಷ.
ಗುಡಿಸಿದ್ದೇನೆ; ಒಂದು ರಾತ್ರಿ ಅಲ್ಲಿ ಮಲಗಿದವನಲ್ಲ.

ಕಳೆದ ಏಪ್ರಿಲಿನಲ್ಲಿ ಬಾವಿಯ ತಳ ಕಂಡಿತು,
ಯಾರನ್ನೂ ಕರೆಯಲಿಲ್ಲ.
"ಡೊಂಕು ಕೋಣೆ ಈ ಸಲ ನಿನಗೆ" ಎಂದರು ದೇವಕ್ಕ.
"ಹತ್ತು ದಿನ. ಏನು ಬೇಕಾದರೂ ಮಾಡು.
ಮಾಡದಿದ್ದರೂ ಸರಿ."

ಮೊದಲ ರಾತ್ರಿ ನಿದ್ದೆ ಇಲ್ಲ, ಹಾಸಿಗೆ ತೀರಾ ಮೆತ್ತಗೆ.
ಮರುದಿನ ಬೇರೆ ಕೆಲಸವಿಲ್ಲದೆ ಕಿಟಕಿಯಡಿ ಕೂತೆ.
ಎದುರಿನ ಬರೆಯ ಬುಡದಲ್ಲಿ, ಆ ಬಿಸಿಲಿನಲ್ಲಿ,
ಅಂಗೈಯಷ್ಟು ಹಸಿರು. ಜರಿಗಿಡ.
ನಿಂತು ಗುಡಿಸುವವನ ಕಣ್ಣಿಗೆ
ಆರು ವರ್ಷ ಬಿದ್ದಿರಲೇ ಇಲ್ಲ.

ಪಿಕ್ಕಾಸು, ಬುಟ್ಟಿ, ಒಂದು ಮೇಣದ ಬತ್ತಿ.
ಬೆನ್ನು ಬಗ್ಗಿಸಿ ಒಬ್ಬ ನುಗ್ಗುವಷ್ಟೇ ಸುರಂಗ.
ಅಪ್ಪ ಹೇಳಿದ್ದು ಇಷ್ಟೇ: ಬತ್ತಿ ಅಳುಕಿದರೆ
ನೀನು ಧೈರ್ಯ ತೋರಿಸಬೇಡ, ಹಿಂದೆ ಬಾ.
ಒಳಗೆ ನನ್ನ ಉಸಿರು, ನನ್ನ ಏಟು,
ಮತ್ತೆ ಏಟಿಗೆ ಕಲ್ಲು ಕೊಡುವ ಉತ್ತರ.
ಎಂಟನೇ ದಿನ ಆ ಉತ್ತರದ ದನಿ ದಪ್ಪವಾಯಿತು.

ಹೊರಡುವವರೆಲ್ಲ ಬರೆಯುವ ಪುಸ್ತಕ ಒಂದಿದೆ.
ಅದರ ತುಂಬ ಮೌನ, ಬೆಳಕು, ಆತ್ಮ.
ನನ್ನ ಮುಂದೂ ಇಟ್ಟರು. ಬರೆದೆ:
ಐತಪ್ಪ ನಾಯ್ಕ. ಒಂಬತ್ತು ಕೋಲು.
ಕಲ್ಲು ಬೆವರುತ್ತಿದೆ. ಬತ್ತಿ ಆರಲಿಲ್ಲ.

"ಇನ್ನೆಷ್ಟು ಕೋಲು?" ಎಂದು ಕೇಳಿದರು ದೇವಕ್ಕ.
ಅದು ಕೊರೆಯುವವನಿಗೆ ಗೊತ್ತಿರುವ ಸಂಗತಿಯಲ್ಲ.
ಹಿಡಿಸೂಡಿ ತಂದು ಕೋಣೆ ಗುಡಿಸಿದೆ.
ಆ ಕೆಂಪು ಹುಡಿ, ಮೊದಲ ಸಲ,
ನನ್ನದೇ.