ಕಾಲು ಪಾಲು

ಕಡಜಗಳಿಗೆ ಬಣ್ಣ ಹಚ್ಚುವುದು ನನ್ನ ಕೆಲಸ.
ನಂಬದವರು ಯಶವಂತಪುರದ ಕಡೆ ಬನ್ನಿ,
ಹಳೇ ಪಂಪ್‌ಹೌಸಿನ ಸಜ್ಜಾದ ಕೆಳಗೆ
ಕಾಗದದ ಗೂಡು ತಲೆಕೆಳಗಾಗಿ ತೂಗುತ್ತಿದೆ.
ಬೆಳಗಿನ ಐದಕ್ಕೆ, ಚಳಿಗೆ ಅವು ಮರಗಟ್ಟಿರುವಾಗ,
ಊದುಬತ್ತಿ ಕಡ್ಡಿಯ ತುದಿಯಿಂದ ಚುಕ್ಕೆ:
ಬೆನ್ನಿಗೆ ಹಳದಿ, ಸೊಂಟಕ್ಕೆ ಕೆಂಪು.
ಹೆಸರಿಲ್ಲ. ಹಳದಿ-ಕೆಂಪು, ಅಷ್ಟೇ.

ಆಮೇಲೆ ಮಡಿಸುವ ಕುರ್ಚಿ, ನೋಟ್‌ಬುಕ್ಕು.
ಐದೈದು ನಿಮಿಷಕ್ಕೆ ಬರೆಯಬೇಕು
ಯಾರು ಹೋದರು, ಯಾರು ಬಂದರು,
ಮುದ್ದೆ ಮಾಡಿದ ಹುಳ ಯಾರ ಬಾಯಿಂದ ಯಾವ ಮರಿಗೆ,
ಯಾರು ಯಾರನ್ನು ಕಚ್ಚಿದರು, ಯಾರು ಸುಮ್ಮನಿದ್ದರು.
ಸುಮ್ಮನಿರುವುದೂ ಒಂದು ವರ್ತನೆ,
ಅದಕ್ಕೂ ಒಂದು ಅಕ್ಷರವಿದೆ.

ರಾಣಿ ಎಂದರೆ ಗತ್ತಿನವಳು ಅಂದುಕೊಂಡಿದ್ದೆ.
ಗೂಡಿಗೆಲ್ಲ ಸಾಧು ಅವಳೇ,
ಕೊನೇ ಬಸ್ಸಿನಲ್ಲಿ ಕಿಟಕಿಗೊರಗಿ ತೂಕಡಿಸುವವಳ ಹಾಗೆ.
ಒಂದು ದಿನ ಅವಳನ್ನು ಎತ್ತಿ ಡಬ್ಬಿಗೆ ಹಾಕಿದೆವು.
ಟೀ ಆರುವುದರೊಳಗೆ ನೀಲಿ-ಬಿಳಿ ಎದ್ದಳು,
ನಿನ್ನೆಯ ತನಕ ಹುಳ ಹೊತ್ತು ತಂದವಳು,
ಕಂಡಕಂಡವರ ಮೇಲೆ ಬಿದ್ದಳು, ಕಚ್ಚಿದಳು.
ವಾರ ಕಳೆಯಿತು.
ಮೊಟ್ಟೆಯಿಟ್ಟಳು. ಸಾಧುವಾದಳು.

ಉಳಿದವರೂ ಇಡಬಹುದು,
ಬೇರೆ ಸಜ್ಜಾ ಹುಡುಕಿ ಒಂಟಿ ಗೂಡು ಕಟ್ಟಬಹುದು.
ಹೆಚ್ಚಿನವರು ಕಟ್ಟುವುದಿಲ್ಲ. ಅಕ್ಕನ ಮರಿಗೆ ಉಣಿಸುತ್ತಾರೆ, ಸಾಯುತ್ತಾರೆ.
ಯಾಕೆ ಎಂದಾಗ ಮೇಡಂ ಹಲಗೆಯ ಮೇಲೆ ಬರೆದರು:
ತನ್ನ ಮಗಳಲ್ಲಿ ತಾನು ಅರ್ಧ,
ಕಡಜದ ಅಕ್ಕತಂಗಿಯರಲ್ಲಿ ಮುಕ್ಕಾಲು.
ಮನುಷ್ಯರಲ್ಲಿ? ಅಕ್ಕನ ಮಗನಲ್ಲಿ ಕಾಲು.

ಸಂಜೆ ಮತ್ತೀಕೆರೆಯ ಮನೆಯಲ್ಲಿ
ಸಿದ್ದಗಂಗಮ್ಮ ಚಿಕ್ಕಮ್ಮ ಅವರೆಕಾಳು ಹಿಸುಕುತ್ತಿದ್ದಳು.
ಅವ್ವ ಹೋದಾಗ ನನಗೆ ಮೂರು, ಇವಳಿಗೆ ಹತ್ತೊಂಬತ್ತು.
"ನನ್ನೊಳಗೆ ನೀನು ಕಾಲು ಪಾಲು ಕಣೆ" ಅಂದೆ.
"ಕಾಲಾ?" ತಲೆಯೆತ್ತಲಿಲ್ಲ.
"ಪೀಣ್ಯದಲ್ಲಿ ಇಪ್ಪತ್ತೆರಡು ವರ್ಷ ಮಿಷನ್ನು ತುಳಿದು
ಎರಡೂ ಹೋದ್ವು. ಕಾಲಂತೆ."

ಬೋಗುಣಿ ಅರ್ಧ ತುಂಬಿದ ಮೇಲೆ ಕೇಳಿದಳು:
"ಆ ಹುಳಗಳು ಅಷ್ಟು ಲೆಕ್ಕ ಹಾಕ್ತಾವಾ?"
ಇಲ್ಲ. ಲೆಕ್ಕ ತಪ್ಪಿದವುಗಳ ವಂಶ ಉಳಿಯಲಿಲ್ಲ,
ಉಳಿದವರ ಮಕ್ಕಳು ಇವು. ಯಾರೂ ಎಣಿಸಿದ್ದಲ್ಲ.
"ನಾನು ಎಣಿಸಿದ್ದೆ" ಅಂದಳು,
"ಬಾಡಿಗೆ, ರಾಗಿ, ನಿನ್ನ ಫೀಸು.
ಒಂದು ತಿಂಗಳೂ ಕೂಡಲಿಲ್ಲ."

ಗೂಡಿನದೂ ಕೂಡಿಲ್ಲ ಎಂದು ಅವಳಿಗೆ ಹೇಳಲಿಲ್ಲ.
ರಾಣಿ ಹಲವು ಗಂಡುಗಳನ್ನು ಕೂಡಿದ್ದಳು,
ಅಳೆದು ನೋಡಿದರೆ ಮುಕ್ಕಾಲು ಎಲ್ಲೂ ಸಿಗಲಿಲ್ಲ.
ಆದರೂ ಮರಿಗಳು ತಿಂದು ಮಲಗಿದ್ದವು.

ಇವತ್ತು ಹಳದಿ-ಕೆಂಪು ಹೊರಟದ್ದು ಏಳೂ ನಲವತ್ತಕ್ಕೆ.
ಕತ್ತಲಾಯಿತು, ಬಂದಿಲ್ಲ.
ಅವಳು ತರಬೇಕಿದ್ದ ತುತ್ತು ಬೇರೆ ಯಾರೋ ತಂದಳು,
ಚುಕ್ಕೆಯಿಲ್ಲದ ಹೊಸಬಳು.
ನಾಳೆ ಐದಕ್ಕೆ ಹೋಗಬೇಕು.
ಹಸಿರು ಸ್ವಲ್ಪ ಉಳಿದಿದೆ.